ಸ್ಟಾರ್ ಎಣಿಸುವ ಮೊದಲು: ಪುಸ್ತಕದ ಆನ್‌ಲೈನ್ ರಿವ್ಯೂಗಳನ್ನು ಎಷ್ಟು ನಂಬಬೇಕು?

ಹಾಸನದಲ್ಲಿ ನಾವು ಹನ್ನೊಂದು ಮಂದಿ ತಿಂಗಳಿಗೊಮ್ಮೆ ಹಣ ಹಾಕಿ ಪುಸ್ತಕ ತರಿಸಿಕೊಂಡು ಸರದಿಯ ಮೇಲೆ ಓದುತ್ತೇವೆ. ಆರಿಸಿ ತರಿಸುವ ಹೊಣೆ ನನ್ನದು. ಸ್ವಂತ ದುಡ್ಡಿನಲ್ಲಿ ಕೊಂಡ ಪುಸ್ತಕ ಸಪ್ಪೆಯಾದರೆ ಅದು ಮನೆಯ ಕಪಾಟಿನಲ್ಲೇ ಮುಗಿದುಹೋಗುವ ವಿಷಯ; ಹತ್ತು ಜನರ ದುಡ್ಡಿನದು ಸಪ್ಪೆಯಾದರೆ ಹತ್ತು ಜನರಿಗೂ ಸಮಜಾಯಿಷಿ ಕೊಡಬೇಕಾಗುತ್ತದೆ. ನಮ್ಮೂರಿನ ಅಂಗಡಿಗಳಲ್ಲಿ ಪಠ್ಯಪುಸ್ತಕ, ಗೈಡು, ಹೆಸರಾದ ಲೇಖಕರ ಕಾದಂಬರಿಗಳು ಸಿಗುತ್ತವೆಯೇ ಹೊರತು ಕಳೆದ ತಿಂಗಳು ಹೊರಬಂದ ಕಥಾಸಂಕಲನವನ್ನು ಕೈಯಲ್ಲಿ ಹಿಡಿದು ನಾಲ್ಕು ಪುಟ ತಿರುವಿ ನೋಡುವ ಅವಕಾಶ ಅಪರೂಪವಾದ್ದರಿಂದ, ಅಂಗಡಿಯಲ್ಲಿ ಬೆರಳು ಮಾಡಬೇಕಾದ ಕೆಲಸವನ್ನು ಫೋನಿನಲ್ಲಿ ರಿವ್ಯೂಗಳಿಂದ ಮಾಡಿಸಿಕೊಳ್ಳುವ ಅನಿವಾರ್ಯ ಒದಗಿದೆ. ಆ ಕೆಲಸದಲ್ಲಿ ನಾನು ಕಲಿತುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ರಿವ್ಯೂ ನಿಜವೋ ಸುಳ್ಳೋ ಎಂಬುದಲ್ಲ, ಅದು ಯಾವ ಪುಸ್ತಕದ ಬಗ್ಗೆ ಬರೆದದ್ದು ಎಂಬುದು. ಇದು ಹಾಸ್ಯಾಸ್ಪದವಾಗಿ ಕಾಣಬಹುದು, ಆದರೆ ನಾವು ಅತ್ಯಂತ ಕೆಟ್ಟದಾಗಿ ಮೋಸಹೋದದ್ದು ಈ ಒಂದು ಪ್ರಶ್ನೆಯನ್ನು ಕೇಳದೆ. ವಿದೇಶಿ ಕಾದಂಬರಿಯೊಂದರ ಕನ್ನಡ ಅನುವಾದಕ್ಕೆ ಸಾವಿರಾರು ಜನರು ರೇಟಿಂಗ್ ಕೊಟ್ಟಿದ್ದರು, ಸರಾಸರಿಯೂ ಬಹಳ ಮೇಲಿತ್ತು. ನಾನು ಒಂದೇ ಏಟಿಗೆ ಎರಡು ಪ್ರತಿ ತರಿಸಿದೆ. ಮೂಲದಲ್ಲಿ 400 ಪುಟಗಳ ಆಸುಪಾಸಿನಲ್ಲಿದ್ದ ಆ ಕಾದಂಬರಿ ನಮ್ಮ ಕೈಗೆ ಬಂದಾಗ 160 ಪುಟಕ್ಕೆ ಇಳಿದಿತ್ತು. ಅದು ಸಂಗ್ರಹಾನುವಾದ ಎಂಬ ಮಾತು ಮಾರಾಟದ ಪುಟದಲ್ಲಾಗಲಿ ಮುಖಪುಟದಲ್ಲಾಗಲಿ ಇರಲಿಲ್ಲ. ಮರಳಿ ಹೋಗಿ ರಿವ್ಯೂಗಳನ್ನು ಒಂದೊಂದಾಗಿ ನೋಡಿದಾಗ ಅರ್ಥವಾಯಿತು: ಅಷ್ಟೂ ರಿವ್ಯೂಗಳು ಇಂಗ್ಲಿಷಿನಲ್ಲಿದ್ದವು, ಇಂಗ್ಲಿಷ್ ಪುಸ್ತಕದ ಬಗ್ಗೆಯೇ ಇದ್ದವು, ಅವುಗಳಲ್ಲಿ ಬಹುಪಾಲು ಕನ್ನಡ ಅನುವಾದ ಅಚ್ಚಾಗುವ ಮೊದಲೇ ಬರೆದವಾಗಿದ್ದವು. ಒಂದೇ ಒಂದು ರಿವ್ಯೂವಿನಲ್ಲೂ ಕನ್ನಡ ಎಂಬ ಪದ ಇರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ನಮ್ಮ ದುಡ್ಡು ಹೋಯಿತು.

ದೊಡ್ಡ ಮಾರಾಟ ತಾಣಗಳು ಒಂದು ಕೃತಿಯ ಗಟ್ಟಿ ರಟ್ಟಿನ ಪ್ರತಿ, ಪೇಪರ್‌ಬ್ಯಾಕ್, ಇ-ಪುಸ್ತಕ ಇವುಗಳ ರಿವ್ಯೂಗಳನ್ನೆಲ್ಲ ಒಂದೇ ರಾಶಿಗೆ ಸುರಿಯುತ್ತವೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳಲ್ಲಿ ಬೇರೆ ಬೇರೆ ಪ್ರಕಾಶಕರ ಪ್ರತಿಗಳ ರಿವ್ಯೂಗಳೂ ಹೀಗೆ ಬೆರೆತುಹೋಗುವುದುಂಟು. ಆದ್ದರಿಂದ ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ಹೊಂದಿಸಿ ನೋಡಬೇಕು: ಪುಟಗಳ ಸಂಖ್ಯೆ, ಪ್ರಕಟವಾದ ವರ್ಷ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್. 2007ರಿಂದ ಐಎಸ್‌ಬಿಎನ್ 13 ಅಂಕೆಗಳದ್ದಾಗಿದೆ, ಭಾರತದಲ್ಲಿ ಪ್ರಕಟವಾದ ಪುಸ್ತಕಗಳದ್ದು ಸಾಮಾನ್ಯವಾಗಿ 978-81 ಅಥವಾ 978-93 ಎಂದು ಆರಂಭವಾಗುತ್ತದೆ, ಮತ್ತು ಪ್ರತಿಯೊಂದು ಆವೃತ್ತಿಗೂ ಅನುವಾದಕ್ಕೂ ಬೇರೆ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಹಾಗೆಯೇ ಹುಡುಕಾಟಕ್ಕೆ ಹಾಕಿದರೆ ನೀವು ಕೊಳ್ಳಲಿರುವ ಆ ಪುಸ್ತಕವೇ ಸಿಗುತ್ತದೆ, ಅದರ ಅಣ್ಣತಮ್ಮಂದಿರಲ್ಲ. ರಿವ್ಯೂವಿನ ದಿನಾಂಕ ಪುಸ್ತಕ ಪ್ರಕಟವಾದ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಅದನ್ನು ಪಕ್ಕಕ್ಕಿಡಿ.

ಇದೇ ಪ್ರಶ್ನೆಯ ಇನ್ನೊಂದು ಮುಖ ಹೀಗಿದೆ. ಒಂದು ಸ್ಟಾರ್ ಬಿದ್ದ ರಿವ್ಯೂಗಳನ್ನು ಓದುತ್ತ ಹೋದರೆ ಕೃತಿಯ ಬಗ್ಗೆ ಒಂದು ಮಾತೂ ಇಲ್ಲದವು ಅನೇಕ ಸಿಗುತ್ತವೆ: ಪೊಟ್ಟಣ ಹರಿದಿತ್ತು, ಮೂಲೆ ಮಡಚಿತ್ತು, ಎಂಟು ದಿನ ತಡವಾಯಿತು. ಇವು ಕೊರಿಯರ್‌ನ ರಿವ್ಯೂಗಳು, ಇವುಗಳಿಂದ ಪುಸ್ತಕದ ಗುಣ ತಿಳಿಯುವುದಿಲ್ಲ. ಆದರೆ ಅಕ್ಷರ ಮಸುಕಾಗಿದೆ, ಹಾಳೆ ತೀರ ತೆಳುವಾಗಿದೆ, ಒಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚಿ ಸೇರಿಸುವ ಪುಟಗಳ ಕಟ್ಟು) ಪೂರ್ತಿ ಬಿಟ್ಟುಹೋಗಿದೆ, ಅದೇ 16 ಪುಟ ಎರಡು ಸಲ ಬಂದಿದೆ ಎಂಬ ದೂರುಗಳು ಎರಡು ಮೂರು ಕಡೆ ಕಂಡರೆ ಅದನ್ನು ತಳ್ಳಿಹಾಕಬಾರದು. ಅದು ಕಳ್ಳಮುದ್ರಣದ ಸೂಚನೆಯಾಗಿರಬಹುದು. ಅಂಥ ಕಡೆ ಪುಸ್ತಕವನ್ನು ಬಿಡಬೇಕಾಗಿಲ್ಲ, ಮಾರುವವರನ್ನು ಬದಲಿಸಿದರೆ ಸಾಕು. ಮಾರುವವರ ಹೆಸರು ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಪ್ರಕಾಶಕರ ಹೆಸರಿಗೂ ಅದಕ್ಕೂ ಸಂಬಂಧವಿರಬೇಕೆಂದೇನೂ ಇಲ್ಲ.

ಇನ್ನು ನಂಬಿಕೆಯ ವಿಷಯಕ್ಕೆ ಬರೋಣ. ಇಂಗ್ಲಿಷ್ ಪುಸ್ತಕಗಳ ಲೋಕದಲ್ಲಿ ಸುಳ್ಳು ರಿವ್ಯೂ ಎಂದರೆ ಹೆಚ್ಚಾಗಿ ದುಡ್ಡು ಕೊಟ್ಟು ಬರೆಸಿದ್ದು ಅಥವಾ ಲೇಖಕರೇ ಬೇರೆ ಹೆಸರಿನಲ್ಲಿ ಬರೆದುಕೊಂಡದ್ದು. 2004ರಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ತಾಂತ್ರಿಕ ದೋಷದಿಂದ ಅನಾಮಧೇಯ ರಿವ್ಯೂಕಾರರ ನಿಜವಾದ ಹೆಸರುಗಳು ಕೆಲವು ದಿನ ಬಯಲಾದಾಗ, ತಮ್ಮ ಪುಸ್ತಕವನ್ನು ತಾವೇ ಹೊಗಳಿಕೊಂಡ ಲೇಖಕರು ಸಿಕ್ಕಿಬಿದ್ದರು. 2010ರಲ್ಲಿ ಬ್ರಿಟನ್ನಿನ ಹೆಸರಾಂತ ಇತಿಹಾಸಕಾರರೊಬ್ಬರು ಗುಪ್ತನಾಮದಲ್ಲಿ ತಮ್ಮ ಪುಸ್ತಕವನ್ನು ಹೊಗಳಿ ಪ್ರತಿಸ್ಪರ್ಧಿಗಳ ಪುಸ್ತಕಗಳನ್ನು ತೆಗಳಿದ್ದನ್ನು ಒಪ್ಪಿಕೊಳ್ಳಬೇಕಾಯಿತು. 2023ರ ಡಿಸೆಂಬರಿನಲ್ಲಿ ಅಮೆರಿಕದ ಹೊಸ ಲೇಖಕಿಯೊಬ್ಬರು ಓದುಗರು ಪುಸ್ತಕಗಳಿಗೆ ಸ್ಟಾರ್, ರಿವ್ಯೂ ಹಾಕುವ ತಾಣವಾದ ಗುಡ್‌ರೀಡ್ಸ್‌ನಲ್ಲಿ ಹುಸಿ ಖಾತೆಗಳನ್ನು ತೆರೆದು ಇತರ ಹೊಸ ಲೇಖಕರ ಪುಸ್ತಕಗಳಿಗೆ ಒಂದೊಂದು ಸ್ಟಾರ್ ಹಾಕಿದ್ದು ಗೊತ್ತಾಗಿ, ಬರಬೇಕಿದ್ದ ಅವರ ಪುಸ್ತಕವನ್ನೇ ಪ್ರಕಾಶಕರು ಕೈಬಿಟ್ಟರು. ನಮ್ಮಲ್ಲೂ ಕಾನೂನಿದೆ: 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರು ಗ್ರಾಹಕರ ವೇಷ ಹಾಕಿ ರಿವ್ಯೂ ಬರೆಯುವಂತಿಲ್ಲ, ಮತ್ತು 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000:2022 ಎಂಬ ಮಾನದಂಡವನ್ನು ತಂದಿತು. ಆ ಮಾನದಂಡದ ಪಾಲನೆಯನ್ನು ಆಗ ತಾಣಗಳ ಸ್ವಇಚ್ಛೆಗೆ ಬಿಡಲಾಯಿತು. ಅಂದರೆ ಕಾವಲು ಕಾಯುವ ಕೆಲಸ ಹೆಚ್ಚುಕಡಿಮೆ ಕೊಳ್ಳುವವರದ್ದೇ.

ಕನ್ನಡ ಪುಸ್ತಕಗಳ ಮಟ್ಟಿಗೆ ಮಾತ್ರ ನನ್ನ ಅನುಭವ ಬೇರೆ. ಸಾವಿರ ಪ್ರತಿ ಅಚ್ಚಾಗುವ ಕವನ ಸಂಕಲನಕ್ಕೆ ದುಡ್ಡು ಕೊಟ್ಟು ರಿವ್ಯೂ ಬರೆಸುವವರು ಯಾರು? ಇಲ್ಲಿ ರಿವ್ಯೂವನ್ನು ಬರೆಸುವುದು ಮುಲಾಜು. ಬಿಡುಗಡೆ ಸಮಾರಂಭಕ್ಕೆ ಹೋಗಿ ಕೇಸರಿಬಾತು ತಿಂದು ಗೌರವಪ್ರತಿ ತಂದವರು, ಲೇಖಕರ ಸಹೋದ್ಯೋಗಿಗಳು, ಶಿಷ್ಯರು, ನಾಳೆ ತಮ್ಮ ಪುಸ್ತಕಕ್ಕೂ ಇವರಿಂದ ಎರಡು ಮಾತು ಬೇಕಾದವರು, ಇವರೆಲ್ಲ ಸಜ್ಜನರೇ. ಬರೆದದ್ದರಲ್ಲಿ ವಂಚನೆಯ ಉದ್ದೇಶವೂ ಇಲ್ಲ. ಆದರೆ ಅವರು ಪುಸ್ತಕಕ್ಕಲ್ಲ, ಮನುಷ್ಯರಿಗೆ ಸ್ಟಾರ್ ಕೊಡುತ್ತಿದ್ದಾರೆ. ಮುನ್ನುಡಿ ಬೆನ್ನುಡಿಗಳಲ್ಲಿ ಬಹುಕಾಲದಿಂದ ನಡೆದುಬಂದ ಈ ಪದ್ಧತಿ ಈಗ ಆನ್‌ಲೈನಿಗೂ ಬಂದಿದೆ.

ಇಂಥ ರಿವ್ಯೂವನ್ನು ಗುರುತಿಸುವುದು ಕಷ್ಟವಲ್ಲ, ಭಾಷೆಯೇ ಹೇಳಿಬಿಡುತ್ತದೆ. ‘ಉತ್ತಮ ಕೃತಿ, ಎಲ್ಲರೂ ಕೊಂಡು ಓದಬೇಕು, ಲೇಖಕರಿಗೆ ಅಭಿನಂದನೆಗಳು, ಇನ್ನಷ್ಟು ಕೃತಿಗಳು ಇವರ ಲೇಖನಿಯಿಂದ ಮೂಡಿಬರಲಿ’ ಎಂಬ ಧಾಟಿಯ ರಿವ್ಯೂವನ್ನು ನೀವು ನೂರು ಸಲ ಓದಿರುತ್ತೀರಿ. ಇದರಲ್ಲಿ ಕೈಗೆ ಸಿಕ್ಕಿಬೀಳುವ ಪದ ‘ಅಭಿನಂದನೆಗಳು’. ದುಡ್ಡು ಕೊಟ್ಟು ಪುಸ್ತಕ ಕೊಂಡವರು ಲೇಖಕರನ್ನು ಅಭಿನಂದಿಸಲು ಮಾರಾಟದ ಪುಟಕ್ಕೆ ಬರುವುದಿಲ್ಲ. ಅಕ್ಕಿ ಕೊಂಡವರು ಗದ್ದೆಯ ಯಜಮಾನರಿಗೆ ಶುಭ ಕೋರುತ್ತಾರೆಯೇ? ಇದು ವೇದಿಕೆಯ ಭಾಷೆ. ಇದರ ಪಕ್ಕಕ್ಕೆ ಇನ್ನೊಂದು ಧಾಟಿಯ ರಿವ್ಯೂವನ್ನು ಇಟ್ಟು ನೋಡಿ: ‘ಮೊದಲ ನೂರು ಪುಟ ಒಂದೇ ರಾತ್ರಿಯಲ್ಲಿ ಓದಿದೆ, ಅಜ್ಜಿ ತೀರಿಕೊಂಡ ಮೇಲೆ ಕಥೆ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ನನಗೆ ಮನಸ್ಸು ನಿಲ್ಲಲಿಲ್ಲ.’ ಬರೆದವರು ಹೊಗಳಿದ್ದಾರೋ ತೆಗಳಿದ್ದಾರೋ ಎಂಬುದು ಇಲ್ಲಿ ಮುಖ್ಯವಲ್ಲ. ಅವರು ಪುಸ್ತಕದೊಳಗೆ ಹೋಗಿಬಂದಿದ್ದಾರೆ, ಯಾವ ತಿರುವಿನಲ್ಲಿ ಕಾಲು ಸೋತಿತು ಎಂದು ತೋರಿಸಿದ್ದಾರೆ. ಅದೇ ತಿರುವು ನಿಮಗೆ ಇಷ್ಟವಾಗಬಹುದು. ಇತ್ತೀಚೆಗೆ ಯಂತ್ರದಿಂದ ಬರೆಸಿದ ನುಣುಪಾದ, ಉದ್ದನೆಯ ರಿವ್ಯೂಗಳೂ ಬರುತ್ತಿವೆ. ಅನುಮಾನವಾದರೆ ಬೆನ್ನುಡಿಯನ್ನೂ ರಿವ್ಯೂವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ: ಬೆನ್ನುಡಿಯಲ್ಲಿ ಇಲ್ಲದ ಒಂದು ಹೆಸರು, ಒಂದು ಘಟನೆ, ಒಂದು ತಕರಾರು ಆ ರಿವ್ಯೂವಿನಲ್ಲಿ ಸಿಗದಿದ್ದರೆ ಅದು ಓದಿ ಬರೆದದ್ದಲ್ಲ ಎಂದು ತಿಳಿದು ಮುಂದೆ ಹೋಗಬಹುದು.

ಸರಾಸರಿಯ ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ಕನ್ನಡ ಪುಸ್ತಕಗಳಿಗೆ ಬಹಳಷ್ಟು ಸಲ ನಾಲ್ಕೈದು ರೇಟಿಂಗ್ ಇದ್ದರೆ ಹೆಚ್ಚು. ಐವರಲ್ಲಿ ನಾಲ್ವರು 5 ಸ್ಟಾರ್, ಒಬ್ಬರು 1 ಸ್ಟಾರ್ ಕೊಟ್ಟರೆ ಸರಾಸರಿ 4.2 ಬರುತ್ತದೆ. ನೋಡುವುದಕ್ಕೆ ಗಟ್ಟಿಯಾದ ಸಂಖ್ಯೆ. ಆದರೆ ಆ ನಾಲ್ವರು ಬಿಡುಗಡೆಯ ವಾರದಲ್ಲಿ ಬರೆದ ಬಂಧುಮಿತ್ರರಾಗಿದ್ದು, ಐದನೆಯವರು ಆರು ತಿಂಗಳ ನಂತರ ಬಂದ ಅಪರಿಚಿತರಾಗಿದ್ದರೆ, ಪುಸ್ತಕಕ್ಕೆ ನಿಜವಾಗಿ ಸಿಕ್ಕಿದ್ದು ಒಂದೇ ರಿವ್ಯೂ. ಹೀಗಾಗಿ ರಿವ್ಯೂಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಓದಬೇಕು. ಮೊದಲ ಹದಿನೈದು ದಿನದವನ್ನು ಮದುವೆ ಮನೆಯ ಉಡುಗೊರೆಯಂತೆ ಬದಿಗಿಟ್ಟು, ಉತ್ಸಾಹ ಆರಿದ ಮೇಲೆ ಬರೆದವನ್ನು ಹುಡುಕಬೇಕು. ಐದಕ್ಕಿಂತ ಕಡಿಮೆ ರಿವ್ಯೂ ಇದ್ದರೆ ನಾನು ಸಂಖ್ಯೆಯನ್ನು ನೋಡುವುದೇ ಇಲ್ಲ.

ರಿವ್ಯೂವಿನ ಪಕ್ಕದಲ್ಲಿ ಕಾಣುವ ‘ವೆರಿಫೈಡ್ ಪರ್ಚೇಸ್’ ಎಂಬ ಗುರುತಿಗೂ ನಾವು ಹೆಚ್ಚಿನ ಅರ್ಥ ಕೊಡುತ್ತೇವೆ. ಆ ಖಾತೆಯಿಂದ ಆ ತಾಣದಲ್ಲಿ ಆ ವಸ್ತುವನ್ನು ಕೊಳ್ಳಲಾಗಿದೆ ಎಂಬುದಷ್ಟೇ ಅದರ ಅರ್ಥ; ಓದಲಾಗಿದೆ ಎಂದಲ್ಲ. ಕನ್ನಡದ ಗಂಭೀರ ಓದುಗರು ಅನೇಕರು ಪುಸ್ತಕವನ್ನು ಪ್ರಕಾಶಕರಿಂದ ನೇರವಾಗಿಯೋ ಸಾಹಿತ್ಯ ಸಮ್ಮೇಳನದ ಮಳಿಗೆಯಿಂದಲೋ ಕೊಳ್ಳುವುದರಿಂದ ಅವರ ರಿವ್ಯೂಗೆ ಆ ಗುರುತು ಬರುವುದಿಲ್ಲ. ಗುರುತಿಗಿಂತ ಬರೆದವರ ಹೆಸರಿನ ಮೇಲೆ ಒತ್ತಿ ಅವರ ಹಿಂದಿನ ರಿವ್ಯೂಗಳನ್ನು ನೋಡುವುದು ಲೇಸು. ಕುಕ್ಕರ್, ಫೋನಿನ ಕವರ್, ಒಂದು ಕವನ ಸಂಕಲನ, ಮೂರಕ್ಕೂ ಒಂದೇ ವಾರದಲ್ಲಿ ಐದೈದು ಸ್ಟಾರ್ ಕೊಟ್ಟವರಿಂದ ಕಲಿಯುವುದು ಏನಿದೆ?

ನನಗೆ ಅತ್ಯಂತ ಉಪಯೋಗಕ್ಕೆ ಬಂದ ಉಪಾಯವೆಂದರೆ ರಿವ್ಯೂಕಾರರನ್ನು ನಾವು ಮೊದಲೇ ಓದಿರುವ ಪುಸ್ತಕದಿಂದ ಅಳೆಯುವುದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರನ್ನಾಗಲಿ, ಮೂಡಿಗೆರೆಯಲ್ಲಿ ನೆಲೆಸಿ ಬರೆದ ತೇಜಸ್ವಿಯವರನ್ನಾಗಲಿ ಓದದ ಓದುಗರು ನಮ್ಮ ಎರಡು ಜಿಲ್ಲೆಗಳಲ್ಲಿ ಕಡಿಮೆ, ಆ ಇಬ್ಬರ ಕಾದಂಬರಿಗಳಿಗೆ ಗುಡ್‌ರೀಡ್ಸ್‌ನಂಥ ಕಡೆ ರಿವ್ಯೂ ಬರೆದವರೂ ಬಹಳ. ನಿಮಗೆ ಪರಿಚಯವಿಲ್ಲದ ಹೊಸ ಪುಸ್ತಕದ ಬಗ್ಗೆ ಬರೆದವರು ಈ ಇಬ್ಬರಲ್ಲಿ ಒಬ್ಬರ ಬಗ್ಗೆ ಏನು ಬರೆದಿದ್ದಾರೆ ಎಂದು ಹುಡುಕಿ. ಅವರ ತೀರ್ಮಾನ ನಿಮ್ಮದರೊಂದಿಗೆ ಹೊಂದಬೇಕಾಗಿಲ್ಲ. ನಮ್ಮ ಬಳಗದಲ್ಲೇ ಭೈರಪ್ಪನವರ ಹೆಸರೆತ್ತಿದರೆ ಕಾಫಿ ಆರುವವರೆಗೂ ವಾದ ನಡೆಯುತ್ತದೆ. ನೋಡಬೇಕಾದದ್ದು ಅವರು ಕಾದಂಬರಿಯನ್ನು ಸರಿಯಾಗಿ ವಿವರಿಸಿದ್ದಾರೆಯೇ, ಇಷ್ಟವಾಗದ್ದಕ್ಕೆ ಕಾರಣ ಕೊಟ್ಟಿದ್ದಾರೆಯೇ, ಲೇಖಕರ ಮೇಲಿನ ಪ್ರೀತಿಯನ್ನೋ ಸಿಟ್ಟನ್ನೋ ಪುಸ್ತಕದ ಮೇಲೆ ಇಳಿಸಿದ್ದಾರೆಯೇ ಎಂಬುದನ್ನು. ಕಾರಣ ಕೊಡುವ ಒಬ್ಬ ಎದುರುಪಕ್ಷದ ಓದುಗರು ಸಿಕ್ಕರೆ ಬಿಡಬೇಡಿ. ನಾನು ಹೀಗೆ ಗುರುತಿಟ್ಟುಕೊಂಡ ಒಬ್ಬರಿದ್ದಾರೆ. ಅವರು ‘ವಿವರ ಹೆಚ್ಚಾಯಿತು, ಕಥೆ ನಿಧಾನ’ ಎಂದು ಗೊಣಗಿದ ಪುಸ್ತಕಗಳನ್ನು ನಾನು ಕಣ್ಣುಮುಚ್ಚಿ ತರಿಸುತ್ತೇನೆ.

ಪ್ರಶಸ್ತಿ ಬಂದ ಪುಸ್ತಕಗಳ ರಿವ್ಯೂಗಳನ್ನು ಓದುವುದಕ್ಕೆ ಬೇರೆಯೇ ಎಚ್ಚರ ಬೇಕು. 2025ರ ಮೇ 20ರಂದು ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ದೀಪಾ ಭಾಸ್ತಿ ಅವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನವನ್ನು ಕನ್ನಡದ ಗಂಧಗಾಳಿ ಇಲ್ಲದವರೂ ಕೊಂಡು ಓದಿದರು. ಪ್ರಶಸ್ತಿ ಪಡೆದ ಪುಸ್ತಕಗಳನ್ನು, ಅದೇ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದು ಕೈತಪ್ಪಿದ ಪುಸ್ತಕಗಳೊಂದಿಗೆ ಹೋಲಿಸಿ 38 ಸಾವಿರಕ್ಕೂ ಹೆಚ್ಚು ಓದುಗರ ರಿವ್ಯೂಗಳನ್ನು ಪರಿಶೀಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಶಸ್ತಿಯ ನಂತರ ಗೆದ್ದ ಪುಸ್ತಕದ ರೇಟಿಂಗ್ ಕುಸಿಯುತ್ತದೆ ಎಂದು ತೋರಿಸಿತ್ತು. ಕಾರಣ ಸರಳ: ಮೊದಲು ತಮ್ಮ ಅಭಿರುಚಿಗೆ ಒಗ್ಗಿದ ಪುಸ್ತಕವೆಂದು ಆರಿಸಿಕೊಂಡವರು ಮಾತ್ರ ಓದುತ್ತಿದ್ದರು, ಈಗ ಹೆಸರು ಕೇಳಿ ಎಲ್ಲರೂ ಓದುತ್ತಾರೆ. ಆದ್ದರಿಂದ ಸರಾಸರಿ ಇಳಿದದ್ದನ್ನು ಕಂಡು ಕೃತಿಯ ಬಗ್ಗೆ ಅನುಮಾನ ಪಡಬೇಕಾಗಿಲ್ಲ. ಇನ್ನೂ ಒಂದು ಮಾತು: ಆ ಅನುವಾದದಲ್ಲಿ ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿಕೊಳ್ಳಲಾಗಿದೆ. ದೂರದ ಊರಿನ ಓದುಗರಿಗೆ ಅದು ತೊಡಕು ಎನ್ನಿಸಿದರೆ ಅವರ ತಕರಾರು ಪ್ರಾಮಾಣಿಕವಾದದ್ದೇ. ಆದರೆ ಹಾಸನದ ಬೀದಿಗಳಲ್ಲಿ ಆ ಮೂರೂ ಭಾಷೆಗಳ ಪದಗಳನ್ನು ಕೇಳುತ್ತ ಬೆಳೆದವರಿಗೆ ಆ ತಕರಾರು ಶಿಫಾರಸಿನ ಪತ್ರವಾಗಿ ಕಾಣಬಹುದು. ಕಥೆಗಳನ್ನು ಕನ್ನಡದಲ್ಲೇ ಓದಲಿರುವವರಿಗಂತೂ ಅದು ಅನ್ವಯಿಸುವುದೇ ಇಲ್ಲ.

ಕಥೆ ಕಾದಂಬರಿಗಳ ವಿಷಯದಲ್ಲಿ ಅಭಿರುಚಿ ಎಂದು ಸಮಾಧಾನ ಮಾಡಿಕೊಳ್ಳಬಹುದು. ಕೆಲಸಕ್ಕೆ ಬೇಕಾದ ಪುಸ್ತಕದಲ್ಲಿ ತಪ್ಪಿದರೆ ನಷ್ಟ ನೇರವಾಗಿ ಕೈಗೆ ಬರುತ್ತದೆ. ಸಕಲೇಶಪುರದ ಕಡೆ ಆರು ಎಕರೆ ಕಾಫಿ ತೋಟವಿರುವ ನಮ್ಮ ಭಾವನವರು ಒಮ್ಮೆ ನೂರಾರು ಮೆಚ್ಚುಗೆಗಳಿದ್ದ, ಕಾಫಿಯ ಬಗೆಗಿನ ದುಬಾರಿ ಇಂಗ್ಲಿಷ್ ಪುಸ್ತಕವೊಂದನ್ನು ಕಾರ್ಟಿಗೆ ಹಾಕಿ ನನಗೆ ತೋರಿಸಿದರು. ಇಬ್ಬರೂ ಕೂತು ರಿವ್ಯೂಗಳಲ್ಲಿ ಬಂದ ಪದಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡೆವು: ಗ್ರೈಂಡರ್, ಎಸ್ಪ್ರೆಸೊ, ಪರಿಮಳ, ಫಿಲ್ಟರ್ ಪೇಪರ್. ಇಪ್ಪತ್ತು ರಿವ್ಯೂ ಓದಿದರೂ ತೋಟದ ಕೆಲಸದ ಪದಗಳಾದ ನೆರಳು, ಮರಗಸಿ, ಬೋರರ್ ಹುಳು, ಕೊಳೆರೋಗ, ಬೋರ್ಡೋ ದ್ರಾವಣ ಈ ಐದರಲ್ಲಿ ಒಂದೂ ಸಿಗಲಿಲ್ಲ. ಹೊಗಳಿದವರೆಲ್ಲ ಕಾಫಿ ಕುಡಿಯುವವರು, ಬೆಳೆಯುವವರಲ್ಲ. ಒಬ್ಬರು ಮಾತ್ರ ತೋಟದ ಬಗ್ಗೆ ಬರೆದಿದ್ದರು, ಅದೂ ಬ್ರೆಜಿಲ್‌ನ ಬಯಲು ತೋಟಗಳ ಬಗ್ಗೆ. ಅಲ್ಲಿ ಹೆಚ್ಚಿನ ಕಾಫಿಯನ್ನು ನೆರಳಿಲ್ಲದೆ, ಯಂತ್ರ ಓಡಾಡುವ ಸಾಲುಗಳಲ್ಲಿ ಬೆಳೆಯುತ್ತಾರೆ, ಮಲೆನಾಡಿನ ಇಳಿಜಾರಿನಲ್ಲಿ ಸಿಲ್ವರ್ ಓಕ್ ಕೆಳಗೆ ಗಿಡವಿರುವವರಿಗೆ ಅದರಿಂದ ಆಗುವ ಸಹಾಯ ಅಷ್ಟರಲ್ಲೇ ಇದೆ. ಭಾವನವರು ಕಾರ್ಟ್ ಖಾಲಿ ಮಾಡಿ, ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಸಂಸ್ಥೆಯ ಕೈಪಿಡಿಯನ್ನು ತರಿಸಿಕೊಂಡರು. ಅದಕ್ಕೆ ನಾನು ನೋಡಿದಲ್ಲಿ ಒಂದು ಸ್ಟಾರೂ ಇರಲಿಲ್ಲ.

ಈ ಉಪಾಯವನ್ನು ಯಾವ ಕಸುಬಿನ ಪುಸ್ತಕಕ್ಕೂ ಹೂಡಬಹುದು. ನಿಮ್ಮ ಕೆಲಸದ ನಾಲ್ಕೈದು ಪದಗಳನ್ನು ಮೊದಲೇ ಬರೆದುಕೊಳ್ಳಿ, ರಿವ್ಯೂಗಳ ಹುಡುಕಾಟದ ಜಾಗದಲ್ಲಿ ಒಂದೊಂದಾಗಿ ಹಾಕಿ. ಪದ ಸಿಗದಿದ್ದರೆ ರಿವ್ಯೂ ಬರೆದವರು ನಿಮ್ಮ ಓಣಿಯವರಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ವಿಷಯದಲ್ಲಿ ಒಂದೇ ಮಾತು. ಪುಸ್ತಕ ವರ್ಷವರ್ಷ ಬದಲಾಗುತ್ತದೆ, ರಿವ್ಯೂ ರಾಶಿ ಬದಲಾಗುವುದಿಲ್ಲ. ಈ ವರ್ಷದ ಪಠ್ಯಕ್ರಮ ಬಂದ ನಂತರ ಬರೆದ ರಿವ್ಯೂಗಳನ್ನು ಬಿಟ್ಟು ಉಳಿದವನ್ನು ಓದಬೇಡಿ. ಟೆಲಿಗ್ರಾಂ ಚಾನೆಲ್‌ನಲ್ಲೋ ಯೂಟ್ಯೂಬಿನಲ್ಲೋ ‘ಲಿಂಕ್ ಕೆಳಗಿದೆ’ ಎಂದು ಹೇಳುವವರಿಗೆ ಆ ಲಿಂಕಿನಿಂದ ಕಮಿಷನ್ ಬರುವುದುಂಟು, ಅದನ್ನು ಅವರು ಬಾಯಿಬಿಟ್ಟು ಹೇಳುತ್ತಾರೆಯೇ ಎಂಬುದನ್ನು ಗಮನಿಸಿ.

ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ರಿವ್ಯೂಗಳನ್ನು ಬಿಟ್ಟು ಪುಸ್ತಕದ ಬಳಿಗೇ ಹೋಗುವ ದಾರಿ ಹುಡುಕಬೇಕು. ಮಾದರಿ ಪುಟಗಳಿದ್ದರೆ ಮೊದಲ ಪುಟವನ್ನಲ್ಲ, ಮಧ್ಯದ ಒಂದು ಪುಟವನ್ನು ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ. ಅನುವಾದವಾದರೆ ಸಂಭಾಷಣೆ ಇರುವ ಅರ್ಧ ಪುಟವನ್ನು ಗಟ್ಟಿಯಾಗಿ ಓದಿಕೊಳ್ಳಿ, ನಿಮ್ಮ ಮನೆಯವರು ಹಾಗೆ ಮಾತಾಡುತ್ತಾರೆಯೇ ಎಂಬುದು ಕಿವಿಗೇ ಗೊತ್ತಾಗುತ್ತದೆ. ಕನ್ನಡದ ಸಣ್ಣ ಪ್ರಕಾಶಕರು ಫೋನಿಗೆ ಸಿಗುತ್ತಾರೆ, ಇದು ಪೂರ್ಣ ಅನುವಾದವೇ, ಎಷ್ಟನೆಯ ಮುದ್ರಣ ಎಂದು ಕೇಳಿದರೆ ಬೇಸರಿಸದೆ ಉತ್ತರಿಸುತ್ತಾರೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು. ಅದೇ ಲೇಖಕರ ಹಿಂದಿನ ಪುಸ್ತಕ ಅಲ್ಲಿ ಸಿಕ್ಕರೆ ನೂರು ರಿವ್ಯೂಗಳಿಗಿಂತ ಅದರ ಇಪ್ಪತ್ತು ಪುಟ ಹೆಚ್ಚು ಹೇಳುತ್ತವೆ.

ಪುಸ್ತಕ ಬಂದ ದಿನವೇ ಪೊಟ್ಟಣ ಬಿಚ್ಚಿ ಪುಟಸಂಖ್ಯೆಗಳ ಮೇಲೆ ಒಮ್ಮೆ ಬೆರಳಾಡಿಸಿ. ಫಾರಂ ತಪ್ಪಿದ್ದು ಹಿಂತಿರುಗಿಸುವ ಅವಧಿ ಮುಗಿದ ಮೇಲೆ ಗೊತ್ತಾದರೆ ಓಡಾಟ ಹೆಚ್ಚು. ಮಾರಿದವರು ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಓದಿ ಮುಗಿದ ಮೇಲೆ ನೀವೂ ಒಂದು ರಿವ್ಯೂ ಬರೆಯುವುದಾದರೆ, ನಮ್ಮ ಬಳಗದಲ್ಲಿ ಪ್ರತಿ ಪುಸ್ತಕದ ಕೊನೆಯ ರಟ್ಟಿಗೆ ಅಂಟಿಸುವ ಚೀಟಿಯ ಕ್ರಮ ಅನುಕೂಲವಾದೀತು: ಯಾವ ವರ್ಷದ ಎಷ್ಟನೆಯ ಮುದ್ರಣ, ಎಲ್ಲಿ ಕೊಂಡದ್ದು, ಲೇಖಕರ ಪರಿಚಯವಿದೆಯೇ, ಎಷ್ಟನೆಯ ಪುಟದವರೆಗೆ ಓದಿದ್ದು, ಎಲ್ಲಿ ನಿಂತದ್ದು, ಏಕೆ. ಕಳೆದ ಸಲದ ಕಾದಂಬರಿಯ ಚೀಟಿಯಲ್ಲಿ ಒಬ್ಬರು ಹೀಗೆ ಬರೆದಿದ್ದಾರೆ: ‘ಎರಡನೆಯ ಮುದ್ರಣ, ಪ್ರಕಾಶಕರಿಂದ ಅಂಚೆಯಲ್ಲಿ, ಲೇಖಕರು ನನ್ನ ತಂಗಿಗೆ ಕಾಲೇಜಿನಲ್ಲಿ ಮೇಷ್ಟ್ರು, ಪೂರ್ತಿ ಓದಿದೆ, 212ನೇ ಪುಟದ ಮಳೆಯ ವರ್ಣನೆಯನ್ನು ಎರಡು ಸಲ.’